ಸೊನ್ನೆ ತಂತಿ ಮತ್ತು ಎರೆಗಟ್ಟಿಯ ಒಲೆಗಳು

ನಮ್ಮ ಹೊಸ ತಂತಿಗೆ ಹಚ್ಚಿದ ವೋಲ್ಟ್ ಮೀಟರು ಸೊನ್ನೆ ತೋರಿಸಿದಾಗ ಕಟ್ಟಿ ಸರ್ ಮಾಡಿದ ಮೊದಲ ಕೆಲಸವೆಂದರೆ ಅದರ ನೆತ್ತಿಗೆ ಎರಡು ಬಡಿದದ್ದು. ಅಷ್ಟು ಓದಿದ ಮನುಷ್ಯ, ಹಳೇ ರೇಡಿಯೊಗೆ ಬಡಿಯುವ ಹಾಗೆ ಬಡಿದರು. ಜಪ್ಪಯ್ಯ ಅಂದರೂ ಸೂಜಿ ಅಲ್ಲಾಡಲಿಲ್ಲ. ಬ್ಯಾಟರಿ ಬದಲಿಸಿದರು, ಮೀಟರನ್ನೇ ಬದಲಿಸಿದರು, ಪಕ್ಕದ ಲ್ಯಾಬಿನವರ ಹತ್ತಿರ ಜಗಳವಾಡಿ ಅವರ ಮೀಟರನ್ನೂ ಎತ್ತಿಕೊಂಡು ಬಂದರು. ಅದೂ ಸೊನ್ನೆ. ಕೊನೆಗೆ ಮೇಜಿನ ಮೇಲೆ ಬಾಗಿ, ತಂತಿಗೆ ಕೆನ್ನೆ ಹಚ್ಚಿ, ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟರು.

“ನೀಲಾ, ಇದು ಬೆಚ್ಚಗೂ ಆಗಿಲ್ಲ ನೋಡವಾ,” ಅಂದರು.

ಹೊಲಿಗೆ ದಾರದಷ್ಟು ದಪ್ಪದ ಆ ತಂತಿಯಲ್ಲಿ ಆಗ ಐವತ್ತು ಆಂಪಿಯರ್ ಕರೆಂಟು ಹರಿಯುತ್ತಿತ್ತು. ತಾಮ್ರದ್ದಾಗಿದ್ದರೆ ಕೆಂಪಗೆ ಕಾದು, ಕರಗಿ, ನಮ್ಮ ಮೇಜಿಗೆ ಒಂದು ಗೆರೆ ಸುಟ್ಟುಬಿಡುತ್ತಿತ್ತು. ಇದು ಚಹದ ಕಪ್ಪಿನ ಪಕ್ಕದಲ್ಲಿ ತಣ್ಣಗೆ ಮಲಗಿತ್ತು. ನನಗೆ ಕುಣಿಯಬೇಕೆನಿಸಿತು. ಕುಣಿದೆ ಕೂಡ. ಸ್ಟೂಲು ಉರುಳಿಬಿತ್ತು, ಯಾರೂ ಎತ್ತಲಿಲ್ಲ.

ನಾನು ನೀಲಾಂಬಿಕೆ ಹಡಪದ. ಧಾರವಾಡದ ಆ ಲ್ಯಾಬಿನಲ್ಲಿ ಕಟ್ಟಿ ಸರ್ ಕೈಕೆಳಗೆ ತಂತಿ ನೇಯುವುದು ನನ್ನ ಕೆಲಸ. ಈ ಕಥೆಗೆ ಬೇಕಾದ ಲೆಕ್ಕವನ್ನು ಈಗಲೇ ಹೇಳಿಬಿಡುತ್ತೇನೆ, ಹೈಸ್ಕೂಲಿನದು, ಹೆದರಬೇಡಿ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಪ್ರತಿರೋಧ ಬರುತ್ತದೆ, ಅದನ್ನು ಓಮ್‌ಗಳಲ್ಲಿ ಹೇಳುತ್ತೇವೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಶಕ್ತಿ ಬರುತ್ತದೆ, ಅದು ವ್ಯಾಟ್‌ಗಳಲ್ಲಿ. ಅಷ್ಟೇ. ಒಂದು ಭಾಗಾಕಾರ, ಒಂದು ಗುಣಾಕಾರ. ನಮ್ಮ ತಂತಿಯ ಎರಡು ತುದಿಗಳ ನಡುವೆ ವೋಲ್ಟು ಸೊನ್ನೆ, ಹರಿಯುವುದು ಐವತ್ತು ಆಂಪಿಯರ್. ಸೊನ್ನೆಯನ್ನು ಐವತ್ತರಿಂದ ಭಾಗಿಸಿ ನೋಡಿ. ಪ್ರತಿರೋಧವೇ ಇಲ್ಲ!

ತಾಮ್ರದೊಳಗೆ ಎಲೆಕ್ಟ್ರಾನುಗಳು ಸಂತೆಯಲ್ಲಿ ನುಗ್ಗುವ ಜನರ ಹಾಗೆ ಅವರಿವರಿಗೆ ಡಿಕ್ಕಿ ಹೊಡೆಯುತ್ತ ಹೋಗುತ್ತವೆ. ಆ ಡಿಕ್ಕಿಯೇ ಪ್ರತಿರೋಧ, ಅದರಿಂದ ಹುಟ್ಟುವುದೇ ಬಿಸಿ. ನಾವು ಇಂಗಾಲದ ತೆಳ್ಳನೆ ಹಾಳೆಗಳನ್ನು ಒಂದರ ಮೇಲೊಂದು ತುಸು ತಿರುಚಿ ಇಟ್ಟು, ಅದನ್ನೇ ಸುತ್ತಿ ಎಳೆ ಮಾಡಿದ್ದೆವು. ಅದರೊಳಗೆ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ, ಯಾರ ಮೈಗೂ ತಾಕದೆ ಹೋಗುತ್ತವೆ. ಇಂಥ ಸೊನ್ನೆ ಮೊದಲೂ ಕಂಡವರಿದ್ದಾರೆ, ಆದರೆ ಹಿಮಕ್ಕಿಂತ ಎಷ್ಟೋ ಪಾಲು ತಣ್ಣಗೆ ಮಾಡಿದ ಮೇಲೆ. ಧಾರವಾಡದ ಏಪ್ರಿಲ್ ಬಿಸಿಲಿನಲ್ಲಿ ಕಂಡವರು ನಾವೇ.

ಆದರೆ ಲ್ಯಾಬಿನ ಸೊನ್ನೆಯನ್ನು ಹೊರಗಿನವರು ಯಾರು ನಂಬಬೇಕು? ವಿದ್ಯುತ್ ಕಂಪನಿಯವರನ್ನು ಕಾಡಿ ಬೇಡಿ ಒಂದು ಅವಕಾಶ ಪಡೆದೆವು. ಕಂಪನಿಯ ಮುಖ್ಯ ಎಂಜಿನಿಯರ್ ಮುಚಖಂಡಿ ಸಾಹೇಬರು ನೇರ ಮಾತಿನ ಮನುಷ್ಯ. ಒಂದು ಊರು, ಒಂದು ಲೈನು, ಒಂದೇ ಸಲ ಅಂದರು. ಯಾರ ಮನೆಯಲ್ಲಾದರೂ ಹೊಗೆ ಎದ್ದರೆ, ಅಥವಾ ನೆರೆದ ಜನ ನಗುವಂತಾದರೆ, ನಿಮ್ಮ ತಂತಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮತ್ತೆ ನನ್ನ ಬಾಗಿಲಿಗೆ ಬರಬೇಡಿ ಅಂದರು. ಯಾವ ಊರು ಎಂದು ಕೇಳಿದಾಗ ಕಟ್ಟಿ ಸರ್ ಬಾಯಿ ತೆರೆಯುವ ಮೊದಲೇ ನಾನು “ಎರೆಗಟ್ಟಿ” ಅಂದುಬಿಟ್ಟೆ.

ಎರೆಗಟ್ಟಿ ನನ್ನ ತವರು. ಕಂಪನಿಯ ಒಂದು ಕರೆಂಟ್ ಲೈನಿನ ಕಟ್ಟಕಡೆಯ ಊರು. ವಿದ್ಯುತ್ ಸ್ಟೇಷನ್ನಿನಿಂದ ಎರಡು ನೂರಾ ನಲವತ್ತು ವೋಲ್ಟ್ ಹೊರಟರೆ ಎರೆಹೊಲಗಳನ್ನೆಲ್ಲ ದಾಟಿ ನಮ್ಮ ಊರಿಗೆ ಬರುವಾಗ ನೂರಾ ಇಪ್ಪತ್ತು ಉಳಿದಿರುತ್ತದೆ. ಅರ್ಧ ದಾರಿಯಲ್ಲೇ ಖರ್ಚು. ಚಳಿಗಾಲದಲ್ಲಿ ಆ ತಂತಿ ಬೆಚ್ಚಗಿರುತ್ತದೆಂದು ಹಕ್ಕಿಗಳು ಸಾಲಾಗಿ ಕೂತು ಮೈ ಕಾಯಿಸಿಕೊಳ್ಳುತ್ತಿದ್ದವು. ಮೊದಲು ಯಾರೂ ಇದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆದರೆ ನಾನು ಹುಟ್ಟುವ ಎಷ್ಟೋ ಮೊದಲು ಗ್ಯಾಸ್ ಸಿಲಿಂಡರುಗಳ ಕಾಲ ಮುಗಿದು ನಾಡಿನ ಒಲೆಗಳೆಲ್ಲ ಕರೆಂಟಿನವಾದ ಮೇಲೆ ಎರೆಗಟ್ಟಿಯ ಹೆಂಗಸರ ಹೊಟ್ಟೆ ಉರಿಯತೊಡಗಿತು. ಒಲೆ ಉರಿಯಲಿಲ್ಲ, ಹೊಟ್ಟೆ ಮಾತ್ರ ಉರಿಯಿತು.

ನಮ್ಮವ್ವ ಬಸಲಿಂಗವ್ವ ರೊಟ್ಟಿ ಮನೆ ನಡೆಸುತ್ತಾಳೆ. ಸುತ್ತಲಿನ ಮದುವೆ, ಖಾನಾವಳಿ, ಹಾಸ್ಟೆಲ್ಲಿಗೆಲ್ಲ ಅವಳ ಜೋಳದ ರೊಟ್ಟಿಯೇ ಹೋಗಬೇಕು. ಊರಿನ ಎಷ್ಟೋ ಹೆಂಗಸರು ಅವಳ ಜೊತೆ ಕೂತು ರೊಟ್ಟಿ ಬಡಿಯುತ್ತಾರೆ. ಲೈನ್ ಬದಲಿಸುವ ಸುದ್ದಿ ಹೇಳಲು ಹೋದಾಗ ಅವಳು ಹಿಟ್ಟು ನಾದುತ್ತ, ಮುಖ ಎತ್ತದೆ ಕೇಳಿಸಿಕೊಂಡಳು. ಗದಿಗೆಪ್ಪನ, ಅಂದರೆ ನನ್ನ ತಮ್ಮನ, ಮದುವೆ ಮುಂದಿನ ತಿಂಗಳಿತ್ತು. ಅಷ್ಟರೊಳಗೆ ಕರೆಂಟು ಪೂರ್ತಿ ಬರುತ್ತದೇನು ಎಂಬುದೊಂದೇ ಅವಳಿಗೆ ಬೇಕಾಗಿತ್ತು.

“ಬರತೈತಿ ಬೇ. ಎಷ್ಟ್ ಹೊಂಡತೈತಿ ಅಷ್ಟೂ ಬರತೈತಿ,” ಅಂದೆ.

“ನೋಡ ಮತ್ತ. ಊರ ಮಂದಿಗೆಲ್ಲಾ ಹೇಳೀನಿ, ನನ್ ಮಗಳು ತರಾಕತ್ತಾಳಂತ.”

ಅಲ್ಲಿಗೆ ತಂತಿ ಕಂಪನಿಯದೂ ಅಲ್ಲ, ಕಟ್ಟಿ ಸರ್ ಅವರದೂ ಅಲ್ಲ, ಬಸಲಿಂಗವ್ವನ ಮಗಳದ್ದಾಯಿತು. ಹೆಚ್ಚುಕಮ್ಮಿಯಾದರೆ ಅವ್ವ ಊರಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಎರೆಗಟ್ಟಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಸೊಸೆ ಮನೆ ತುಂಬುವಾಗ ತವರಿನಿಂದ ಒಂದು ಹೊಸ ಕರೆಂಟ್ ಒಲೆ ತರುತ್ತಾಳೆ. ಮಣ್ಣಿನ ಬಿಲ್ಲೆಯಲ್ಲಿ ಕೊರೆದ ತೋಡಿನೊಳಗೆ ಸುರುಳಿ ಕಾಯಿಲ್ ಕೂರಿಸಿದ ಒಲೆ. ಹೊಸ್ತಿಲಲ್ಲಿ ಅತ್ತೆ ಆ ಕಾಯಿಲ್ ಹೊರತೆಗೆದು, ಸರಿಯಾಗಿ ನಡುವೆ ಮುರಿದು, ಎರಡೂ ತುಂಡುಗಳನ್ನು ಅಕ್ಕಪಕ್ಕ ಜೋಡಿಯಾಗಿ ಕೂರಿಸಿ ಸೊಸೆಯ ಕೈಗೆ ಕೊಡುತ್ತಾಳೆ. ಒಂದು ಎಳೆ ಮಗನದು, ಒಂದು ಸೊಸೆಯದು ಅನ್ನುತ್ತಾಳೆ. ಅರಿಶಿನ ಕುಂಕುಮ ಹಚ್ಚುತ್ತಾರೆ, ಆರತಿ ಮಾಡುತ್ತಾರೆ. ಹಾಗೆ ಮಾಡಿದ ಒಲೆ ಚೆನ್ನಾಗಿ ಕಾಯುತ್ತದೆ ಎಂದು ಎಲ್ಲರಿಗೂ ಗೊತ್ತು, ಯಾಕೆಂದು ಕೇಳಿದವರಿಲ್ಲ. ನಾನೂ ಕೇಳಿರಲಿಲ್ಲ. ಚಿಕ್ಕಂದಿನಿಂದ ಕಂಡದ್ದನ್ನು ಯಾರು ಕೇಳುತ್ತಾರೆ?

ಹೊಸ ಲೈನು ಎಳೆದಾಯಿತು. ನಮ್ಮ ಕಪ್ಪು ತಂತಿ ಕಂಬದಿಂದ ಕಂಬಕ್ಕೆ ಹೋಗುವುದನ್ನು ನೋಡಲು ಹೊಲದ ಆಳುಗಳೆಲ್ಲ ಕುಡುಗೋಲು ಹಿಡಿದುಕೊಂಡೇ ನಿಂತರು. ಇಷ್ಟು ತೆಳ್ಳಗಿನದು ಊರು ಸಾಕುತ್ತದೇನು ಎಂದು ಕೇಳಿದರು. ಸಾಕುತ್ತದೆ, ಇಂಥ ಹತ್ತು ಊರು ಸಾಕುತ್ತದೆ ಎಂದು ನಾನು ಜಂಬ ಕೊಚ್ಚಿದೆ.

ಉದ್ಘಾಟನೆಯನ್ನು ಮುಚಖಂಡಿ ಸಾಹೇಬರು ಭರ್ಜರಿಯಾಗಿ ಗೊತ್ತುಮಾಡಿದ್ದರು. ಶಾಲೆಯ ಮೈದಾನದಲ್ಲಿ ಪೆಂಡಾಲು. ಅದರ ಕೆಳಗೆ ಇಪ್ಪತ್ತು ಕರೆಂಟ್ ಒಲೆ, ಇಪ್ಪತ್ತು ಹೆಂಗಸರು, ನಡುವೆ ನಮ್ಮವ್ವ. ವೇದಿಕೆಯ ಪಕ್ಕದಲ್ಲಿ ಗಾಡಿಯ ಚಕ್ರದಷ್ಟು ದೊಡ್ಡ ವೋಲ್ಟ್ ಮೀಟರು. ಯಾವ ಮೀಟರಿನ ಸೂಜಿಯೂ ನೂರಾ ಇಪ್ಪತ್ತು ದಾಟಿದ್ದನ್ನು ಊರವರು ಯಾವತ್ತೂ ನೋಡಿರಲಿಲ್ಲ. ಶಾಸಕರು ಬರುತ್ತಾರೆ, ಅವರ ಎದುರಿಗೆ ಸೂಜಿ ಎರಡು ನೂರಾ ನಲವತ್ತಕ್ಕೆ ಏರುತ್ತದೆ, ರೊಟ್ಟಿಗಳು ಒಮ್ಮೆಗೇ ಉಬ್ಬುತ್ತವೆ, ಫೋಟೊ. ಭಾಷಣದ ನಡುವೆ ಕರೆಂಟು ಕಡಿದುಬಿದ್ದು ಮುಜುಗರವಾಗಬಾರದೆಂದು ಸಾಹೇಬರು ಮಿತಿ ಮೀರಿದ ಕರೆಂಟನ್ನು ಕಡಿಯುವ ಬ್ರೇಕರನ್ನು ಬೇಕಾದದ್ದಕ್ಕಿಂತ ಎಷ್ಟೋ ದೊಡ್ಡದು ಹಾಕಿಸಿದ್ದರು. ನಾಲ್ಕು ನೂರು ಆಂಪಿಯರ್ ದಾಟುವವರೆಗೂ ಅದು ಸುಮ್ಮನೆ ನೋಡುತ್ತ ಕೂತಿರುತ್ತಿತ್ತು.

ಒಲೆಗಳು ಕಂಪನಿಯವೇ, ಹೊಚ್ಚ ಹೊಸವು. ಆ ದಿನ ಹೊಸ ಲೈನಿಗೆ ಹಚ್ಚುವುದು ಅವನ್ನು ಮಾತ್ರ, ಊರಿನ ಮನೆಗಳು ಇನ್ನೂ ಹಳೇ ತಂತಿಯಲ್ಲೇ ಇದ್ದವು. ಹಿಂದಿನ ದಿನ ನಾನೇ ಒಂದೊಂದನ್ನೂ ಅಳೆದಿದ್ದೆ. ಒಂದೊಂದರದೂ ಅರವತ್ತು ಓಮ್. ಎರಡು ನೂರಾ ನಲವತ್ತನ್ನು ಅರವತ್ತರಿಂದ ಭಾಗಿಸಿದರೆ ಒಲೆಗೆ ನಾಲ್ಕು ಆಂಪಿಯರ್. ಗುಣಿಸಿದರೆ ಒಂಬೈನೂರಾ ಅರವತ್ತು ವ್ಯಾಟ್, ರೊಟ್ಟಿಗೆ ಹದವಾದ ಬಿಸಿ. ಇಪ್ಪತ್ತು ಒಲೆಗೆ ಒಟ್ಟು ಎಂಬತ್ತು ಆಂಪಿಯರ್. ಎಲ್ಲ ಚೊಕ್ಕ. ಒಲೆಗಳನ್ನು ಶಾಲೆಯ ಕೋಣೆಯಲ್ಲಿಟ್ಟು, ಕೀಲಿಯನ್ನು ಅವ್ವನ ಕೈಗೆ ಕೊಟ್ಟು ಬಂದಿದ್ದೆ.

ಮರುದಿನ ಬೆಳಿಗ್ಗೆ ನಾನು, ಕಟ್ಟಿ ಸರ್, ಮುಚಖಂಡಿ ಸಾಹೇಬರು ಮೂವರೂ ಸ್ಟೇಷನ್ನಿನ ನಿಯಂತ್ರಣ ಕೋಣೆಯಲ್ಲಿದ್ದೆವು. ಊರು ಅಲ್ಲಿಂದ ದೂರ, ಕಿಟಕಿಯಲ್ಲಿ ಕಾಣುವುದು ಕಂಬಗಳ ಸಾಲು ಮಾತ್ರ. ಗೋಡೆಯ ಮೇಲೆ ಎರಡು ವೋಲ್ಟ್ ಮೀಟರು, ಒಂದು ಇಲ್ಲಿಂದ ಹೊರಡುವುದನ್ನೂ ಇನ್ನೊಂದು ಊರಿಗೆ ತಲುಪಿದ್ದನ್ನೂ ತೋರಿಸುತ್ತಿದ್ದವು. ಕೆಳಗೆ ಆಂಪಿಯರ್ ಮೀಟರು. ವೋಲ್ಟ್ ಏರಿಸುವ ಚಕ್ರದ ಮೇಲೆ ಮುಚಖಂಡಿ ಸಾಹೇಬರ ಕೈ. ಒಮ್ಮೆಲೇ ಏರಿಸಬಾರದು, ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು ಎಂದು ಕಟ್ಟಿ ಸರ್ ಮೊದಲೇ ಪಟ್ಟು ಹಿಡಿದಿದ್ದರು. ಅವರ ಆ ಹಟಕ್ಕೆ ನಾನು ಈಗಲೂ ಕೈ ಮುಗಿಯುತ್ತೇನೆ.

ಮೂವತ್ತು ವೋಲ್ಟ್. ಇಲ್ಲಿಯೂ ಮೂವತ್ತು, ಎರೆಗಟ್ಟಿಯಲ್ಲಿಯೂ ಮೂವತ್ತು! ದಾರಿಯಲ್ಲಿ ಒಂದು ಹನಿಯೂ ಚೆಲ್ಲಿಲ್ಲ. ಕಟ್ಟಿ ಸರ್ ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣು ಮಾತ್ರ ಕೆಳಗಿನ ಮೀಟರಿಗೆ ಬಿತ್ತು. ಹತ್ತು ಆಂಪಿಯರ್ ಇರಬೇಕಾದಲ್ಲಿ ನಲವತ್ತು ಇತ್ತು.

ಅರವತ್ತು ವೋಲ್ಟ್‌ಗೆ ಏರಿಸಿದರು. ಇಪ್ಪತ್ತು ಇರಬೇಕಿತ್ತು, ಎಂಬತ್ತು ತೋರಿಸಿತು. ವೋಲ್ಟು ಇನ್ನೂ ಕಾಲು ಭಾಗ, ಕರೆಂಟು ಆಗಲೇ ಪೂರ್ತಿ.

“ಒಂದ್ ನಿಮಿಷ ನಿಲ್ಲಸ್ರಿ,” ಅಂದೆ.

ಸಾಹೇಬರು ನಿಲ್ಲಿಸಿದರು, ಆದರೆ ಚಕ್ರದಿಂದ ಕೈ ತೆಗೆಯಲಿಲ್ಲ. ತಂತಿಯಲ್ಲಿ ಪ್ರತಿರೋಧವಿಲ್ಲ ಎಂದು ನೀವೇ ಕುಣಿದಿರಿ, ಈಗ ಕರೆಂಟು ಹೆಚ್ಚು ಬಂದರೆ ಯಾಕೆ ಗಾಬರಿ ಎಂದು ಕೇಳಿದರು. ನಾನು ಹೇಳಿದೆ: ತಂತಿಯ ಪ್ರತಿರೋಧ ಹೋಗಿದೆ ಸರಿ, ಒಲೆಗಳದು ಎಲ್ಲಿ ಹೋಯಿತು? ಎಂಬತ್ತು ಆಂಪಿಯರನ್ನು ಇಪ್ಪತ್ತು ಒಲೆಗೆ ಹಂಚಿದರೆ ಒಂದಕ್ಕೆ ನಾಲ್ಕು. ಅರವತ್ತು ವೋಲ್ಟನ್ನು ನಾಲ್ಕರಿಂದ ಭಾಗಿಸಿದರೆ ಹದಿನೈದು ಓಮ್. ನಿನ್ನೆ ಅರವತ್ತಿದ್ದ ಒಲೆ ಇವತ್ತು ಹದಿನೈದು ಹೇಗಾಯಿತು?

ಕಟ್ಟಿ ಸರ್ ಮುಖ ದೀಪಾವಳಿಯಾಯಿತು. ನಮ್ಮ ತಂತಿ ತನಗೆ ಅಂಟಿದ ವಸ್ತುವಿನ ಪ್ರತಿರೋಧವನ್ನೂ ಇಳಿಸುತ್ತಿರಬಹುದು, ಎಲೆಕ್ಟ್ರಾನುಗಳ ಜೋಡಿ ಒಲೆಯೊಳಕ್ಕೂ ನುಗ್ಗಿರಬಹುದು, ಇದು ಸೊನ್ನೆಗಿಂತ ದೊಡ್ಡ ಶೋಧ ಎಂದು ಕೋಣೆಯ ತುಂಬ ಓಡಾಡತೊಡಗಿದರು. ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಹೊಸ ಭೌತಶಾಸ್ತ್ರ ಎರೆಗಟ್ಟಿಯ ಶಾಲೆಯ ಮೈದಾನದಲ್ಲಿ ಹುಟ್ಟುವುದೆಂದರೆ ಸಣ್ಣ ಮಾತೇ!

ಆದರೆ ಆ ಹದಿನೈದು ನನ್ನನ್ನು ಚುಚ್ಚುತ್ತಿತ್ತು. ಹದಿನಾಲ್ಕೂವರೆ ಅಲ್ಲ, ಹದಿನಾರೂ ಅಲ್ಲ, ಅರವತ್ತರ ಕಾಲು ಭಾಗ ಅಳೆದು ಇಟ್ಟ ಹಾಗೆ. ಪ್ರಕೃತಿ ಇಷ್ಟು ಒಪ್ಪವಾಗಿ ಕತ್ತರಿಸುವುದಿಲ್ಲ. ಇದು ಯಾರದೋ ಕೈ. ಒಂದು ಕಾಯಿಲನ್ನು ನಡುವೆ ಮುರಿದರೆ ಅರ್ಧಕ್ಕೆ ಮೂವತ್ತು ಓಮ್. ಆ ಎರಡು ಅರ್ಧಗಳನ್ನು ಅಕ್ಕಪಕ್ಕ ಜೋಡಿಸಿದರೆ ಕರೆಂಟಿಗೆ ಎರಡು ದಾರಿ, ಪ್ರತಿರೋಧ ಮತ್ತೆ ಅರ್ಧ.

ಹದಿನೈದು.

ಅವ್ವನಿಗೆ ಫೋನ್ ಹಚ್ಚಿದೆ. ಮೈಕಿನ ಗದ್ದಲದಲ್ಲಿ ಅವಳ ದನಿ ಕೇಳಿಸಿತು. ಒಲೆ ಇನ್ನೂ ಸರಿಯಾಗಿ ಕಾಯವಲ್ಲದು, ಶಾಸಕರು ಬಂದು ಕೂತಿದ್ದಾರೆ, ಏನು ಮಾಡುತ್ತಿದ್ದೀರಿ ಅಲ್ಲಿ ಎಂದು ಅವಳೇ ದಬಾಯಿಸಿದಳು.

“ಬೇ, ಕಂಪನಿ ಒಲಿ ಕಾಯಿಲ್ ಮುರದೀರೇನ?”

“ಮುರೀದ ಮತ್ತ? ಹೊಸಾ ಒಲಿ ಬಂದ್ರ ಹಂಗಽ ಹಚ್ಚತಾರೇನ? ನಸಿಕಿನ್ಯಾಗ ಎಲ್ಲಾರೂ ಕುಂತು ಇಪ್ಪತ್ತೂ ಜೋಡಿ ಮಾಡಿ, ಕುಂಕುಮ ಹಚ್ಚಿ ಇಟ್ಟೀವಿ.”

ಅವಳ ದನಿಯಲ್ಲಿ ಎಷ್ಟು ಹೆಮ್ಮೆ! ನನ್ನ ಮಾನ ಉಳಿಸಲೆಂದೇ ಮಾಡಿದ್ದಳು. ಮಗಳ ಉದ್ಘಾಟನೆಯಲ್ಲಿ ಒಲೆ ಸರಿಯಾಗಿ ಕಾಯದಿದ್ದರೆ ಹೇಗೆ ಎಂದು.

ಆಗ ನನಗೆ ಆ ಪದ್ಧತಿಯ ಲೆಕ್ಕವೆಲ್ಲ ಒಂದೇ ಏಟಿಗೆ ಬಿಚ್ಚಿಕೊಂಡಿತು. ನಮ್ಮೂರಿಗೆ ಬರುವುದು ಅರ್ಧ ವೋಲ್ಟು. ಪೂರ್ತಿ ಕಾಯಿಲಿಗೆ ಅರ್ಧ ವೋಲ್ಟು ಕೊಟ್ಟರೆ ಕರೆಂಟೂ ಅರ್ಧವಾಗುತ್ತದೆ, ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಪ್ರತಿರೋಧವನ್ನೂ ಕಾಲು ಭಾಗ ಮಾಡಬೇಕು. ಹಿಂದೆ ಯಾವಳೋ ಅತ್ತೆ ಹೊಟ್ಟೆ ಉರಿದು ಕಾಯಿಲ್ ಮುರಿದು ಜೋಡಿಸಿ ನೋಡಿರಬೇಕು, ರೊಟ್ಟಿ ಉಬ್ಬಿರಬೇಕು, ಅದೇ ಶಾಸ್ತ್ರವಾಯಿತು. ನೂರಾ ಇಪ್ಪತ್ತು ವೋಲ್ಟಿಗೆ ಅದು ಹೇಳಿ ಮಾಡಿಸಿದ ಒಲೆ. ಆದರೆ ಇವತ್ತು ಊರು ಮುಟ್ಟಲಿರುವುದು ನೂರಾ ಇಪ್ಪತ್ತಲ್ಲ.

“ಏರಸ್ಬ್ಯಾಡ್ರಿ ಸಾಹೇಬ್ರ,” ಎಂದು ತಿರುಗಿದೆ. ಆದರೆ ನಾನು ಫೋನಿನಲ್ಲಿದ್ದಾಗಲೇ ಅವರು ಚಕ್ರ ತಿರುಗಿಸಿ ಸೂಜಿಯನ್ನು ನೂರಾ ಇಪ್ಪತ್ತಕ್ಕೆ ತಂದುಬಿಟ್ಟಿದ್ದರು.

ನನ್ನ ಮುಖ ನೋಡಿ ಅವರು ಅಲ್ಲಿಯೇ ನಿಲ್ಲಿಸಿದರು. ವಿಷಯ ಹೇಳಿದೆ. ಹೇಳುತ್ತಿರುವಾಗಲೇ ಅವರ ಫೋನು ಕುಣಿಯತೊಡಗಿತು. ಮೈದಾನದಿಂದ ಶಾಸಕರು. ಸೂಜಿ ನೂರಾ ಇಪ್ಪತ್ತಕ್ಕೆ ಬಂದು ನಿಂತಿದೆ, ಇದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ ಎಂದು ಜನ ನಗುತ್ತಿದ್ದಾರೆ ಅಂದರು. ಒಂದೇ ಒಂದು ನಿಮಿಷ ಎರಡು ನೂರಾ ನಲವತ್ತಕ್ಕೆ ಏರಿಸಿ, ಫೋಟೊ ಹೊಡೆದ ಮೇಲೆ ಏನಾದರೂ ಮಾಡಿಕೊಳ್ಳಿ ಅಂದರು. ಹಿಂದಿನಿಂದ ಸಿಳ್ಳೆ ಕೇಳಿಸುತ್ತಿತ್ತು. ಸಾಹೇಬರ ಕಿವಿ ಕೆಂಪಾಯಿತು. ಇಡೀ ಜಿಲ್ಲೆಯ ಎದುರಿಗೆ ಅವರ ಮರ್ಯಾದೆ ಹೋಗುತ್ತಿತ್ತು, ಜೊತೆಗೆ ನಮ್ಮ ತಂತಿಯದೂ. ಅವರ ಬೆರಳು ಚಕ್ರದ ಮೇಲೆ ಬಿಗಿಯಾದದ್ದು ಕಂಡಿತು.

ನಾನು ಅವರ ಕೈಯ ಮೇಲೆ ಕೈ ಇಟ್ಟುಬಿಟ್ಟೆ. ಮುಖ್ಯ ಎಂಜಿನಿಯರ್ ಕೈ ಹಾಗೆ ಹಿಡಿಯುವುದು ಮರ್ಯಾದೆಯಲ್ಲ, ಗೊತ್ತು.

“ಅಲ್ಲಿ ನಮ್ಮವ್ವ ಕುಂತಾಳ್ರಿ,” ಅಂದೆ. “ಲೆಕ್ಕಾ ಮಾಡ್ರಿ. ನೀವಽ ಮಾಡ್ರಿ.”

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ತುಟಿ ಅಲ್ಲಾಡಿಸುತ್ತ ಮಾಡಿದರು. ಎರಡು ನೂರಾ ನಲವತ್ತು, ಭಾಗಿಸು ಹದಿನೈದು, ಹದಿನಾರು ಆಂಪಿಯರ್. ಹದಿನಾರನ್ನು ಎರಡು ನೂರಾ ನಲವತ್ತರಿಂದ ಗುಣಿಸಿದರೆ ಮೂರು ಸಾವಿರದ ಎಂಟು ನೂರಾ ನಲವತ್ತು ವ್ಯಾಟ್. ಒಂದೊಂದು ಒಲೆಯಲ್ಲೂ ನಾಲ್ಕು ಒಲೆಯ ಬೆಂಕಿ. ಕಾಯಿಲ್ ಬೆಳ್ಳಗೆ ಕಾದು ಸಿಡಿಯುತ್ತದೆ, ಹೆಂಗಸರ ಕೈ ಒಂದು ಗೇಣು ದೂರದಲ್ಲಿರುತ್ತದೆ. ಒಟ್ಟು ಮುನ್ನೂರ ಇಪ್ಪತ್ತು ಆಂಪಿಯರ್, ನಾಲ್ಕು ನೂರಕ್ಕೆ ಕಾಯುವ ಬ್ರೇಕರ್ ಬೀಳುವುದೂ ಇಲ್ಲ. ಹಳೇ ತಂತಿಯಾಗಿದ್ದರೆ ತನ್ನ ಪ್ರತಿರೋಧದಿಂದಲೇ ಅಷ್ಟನ್ನು ತಡೆದು ಹಿಡಿಯುತ್ತಿತ್ತು. ನಮ್ಮ ತಂತಿ ಕೊಟ್ಟದ್ದೆಲ್ಲವನ್ನೂ ಹಾಗೇ ಒಯ್ದು ಸುರಿಯುತ್ತದೆ, ಅದರ ಗುಣವೇ ಅದು.

ಸಾಹೇಬರು ಚಕ್ರದಿಂದ ಕೈ ತೆಗೆದರು. ಹಣೆ ಒರೆಸಿಕೊಂಡು, ಏರಿಸಲು ಆಗುವುದಿಲ್ಲ ಸರ್ ಎಂದು ಫೋನಿನಲ್ಲಿ ಹೇಳಿದರು. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಶಾಸಕರು ಭಾಷಣ ಮಾಡದೆ ಎದ್ದು ಹೋದರಂತೆ.

ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಅವ್ವನ ಕೈ ಉಳಿದಿತ್ತು, ತಂತಿ ಹೋಗಿತ್ತು. ಜನ ನಕ್ಕರೆ ಕಪಾಟಿಗೆ ಎಂಬ ಮಾತು ನೆನಪಿತ್ತು. ಕಟ್ಟಿ ಸರ್ ನನ್ನ ಬೆನ್ನು ಸವರಿ, ಹೋಗಲಿ ಬಿಡವಾ ಅಂದರು. ಅವರ ದನಿಯೂ ಸತ್ತುಹೋಗಿತ್ತು.

ಮುಚಖಂಡಿ ಸಾಹೇಬರು ಗೋಡೆಯ ಮೇಲಿನ ಎರಡು ಮೀಟರುಗಳನ್ನೇ ನೋಡುತ್ತ ನಿಂತಿದ್ದರು. ಇಲ್ಲಿ ನೂರಾ ಇಪ್ಪತ್ತು, ಅಲ್ಲಿ ನೂರಾ ಇಪ್ಪತ್ತು. ಕೆಳಗೆ ನೂರಾ ಅರವತ್ತು ಆಂಪಿಯರ್. ಬೆರಳು ಮಡಿಚುತ್ತ ಲೆಕ್ಕ ಮಾಡತೊಡಗಿದರು. ಈ ಇಪ್ಪತ್ತು ಒಲೆ ಕಾಯಿಸಲು ಹಳೇ ತಂತಿಯಲ್ಲಾದರೆ ಇದೇ ನೂರಾ ಅರವತ್ತು ಆಂಪಿಯರನ್ನು ಎರಡು ನೂರಾ ನಲವತ್ತು ವೋಲ್ಟಿನಲ್ಲಿ ನೂಕಬೇಕಾಗಿತ್ತು. ಮೂವತ್ತೆಂಟು ಸಾವಿರದ ನಾಲ್ಕು ನೂರು ವ್ಯಾಟ್. ಇವತ್ತು ಕಳಿಸುತ್ತಿರುವುದು ಹತ್ತೊಂಬತ್ತು ಸಾವಿರದ ಇನ್ನೂರು. ಸರಿಯಾಗಿ ಅರ್ಧ. ಒಲೆಗಳು ಮಾತ್ರ ಅಷ್ಟೇ ಬಿಸಿ.

“ಅರ್ಧಾ,” ಅಂದರು. ಮತ್ತೆ ನಮ್ಮ ಕಡೆ ತಿರುಗಿ, “ನಾನು ನೌಕರಿಗೆ ಸೇರಿದಾಗಿಂದ ಈ ಅರ್ಧಾ ಕರೆಂಟು ಹೊಲದ ಮ್ಯಾಲ ಸುಟ್ಟೀನೇನ್ರಿ?”

“ಹೌದ್ರಿ. ಹಕ್ಕಿ ಕಾಸಿಕೊಂಡಾವು,” ಅಂದೆ.

ಅವರಿಗೆ ನಗು ಬಂತು. ಆ ನಗು ನಿಲ್ಲಲೇ ಇಲ್ಲ, ಕುರ್ಚಿಯ ತೋಳು ಹಿಡಿದುಕೊಂಡು ನಕ್ಕರು. ಸೂಜಿ ನೋಡಿ ನಗುವವರು ನಗಲಿ, ನನಗೆ ಬೇಕಾದದ್ದು ಈ ಗೋಡೆಯ ಮೇಲಿದೆ ಅಂದರು. ಆಮೇಲೆ ಗಂಭೀರವಾಗಿ ಇನ್ನೊಂದು ಸಲ ಅವಕಾಶ ಕೊಟ್ಟರು. ಆದರೆ ಊರಿನ ಪ್ರತಿಯೊಂದು ಜೋಡಿ ಕಾಯಿಲ್ ಮತ್ತೆ ಒಂಟಿಯಾಗುವವರೆಗೆ ನೂರಾ ಇಪ್ಪತ್ತರ ಮೇಲೆ ಒಂದು ವೋಲ್ಟೂ ಏರಿಸುವುದಿಲ್ಲ ಎಂದರು. ನಾನು ಒಪ್ಪಿ, ಸ್ಟೇಷನ್ನಿನ ಜೀಪು ಹತ್ತಿ ಊರಿಗೆ ಓಡಿದೆ.

ಮೈದಾನದಲ್ಲಿ ಜನ ಕರಗಿದ್ದರು. ಅವ್ವ ಒಬ್ಬಳೇ ಒಲೆಯ ಮುಂದೆ ಕೂತಿದ್ದಳು, ಪಕ್ಕದಲ್ಲಿ ರೊಟ್ಟಿಯ ರಾಶಿ. ನನ್ನನ್ನು ನೋಡಿ ಮುಖ ತಿರುಗಿಸಿದಳು. ಮಗಳು ಪೂರ್ತಿ ತರುತ್ತಾಳೆ ಎಂದು ಊರಿಗೆಲ್ಲ ಹೇಳಿದ್ದಳಲ್ಲ, ಆ ಸಿಟ್ಟು. ನಾನು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳ ಹಿಟ್ಟು ಮೆತ್ತಿದ ಎರಡೂ ಕೈ ಹಿಡಿದುಕೊಂಡೆ. ಬೆರಳು, ಅಂಗೈ, ಮಣಿಕಟ್ಟು ಎಲ್ಲ ನೋಡಿದೆ. ನನಗೆ ಅಳು ತಡೆಯಲಾಗಲಿಲ್ಲ.

“ಯಾಕ ನೀಲವ್ವಾ, ಏನಾತು?” ಅಂದಳು. ಸಿಟ್ಟು ಎಲ್ಲೋ ಹೋಗಿತ್ತು.

ಎಲ್ಲ ಹೇಳಿದೆ. ಪೂರ್ತಿ ಕರೆಂಟಿಗೆ ಪೂರ್ತಿ ಕಾಯಿಲ್ ಬೇಕು, ಮುರಿದ ಕಾಯಿಲಿಗೆ ಪೂರ್ತಿ ಕರೆಂಟು ಕೊಟ್ಟರೆ ನಾಲ್ಕು ಪಟ್ಟು ಬೆಂಕಿ ಎಂದೆ. ಅವಳು ಕೇಳಿದ ಮೊದಲ ಪ್ರಶ್ನೆ, ಹಾಗಾದರೆ ಇಷ್ಟು ವರ್ಷ ಉಳಿದರ್ಧ ಎಲ್ಲಿಗೆ ಹೋಗುತ್ತಿತ್ತು ಎಂದು. ತಂತಿ ಕಾಯಿಸುತ್ತಿತ್ತು ಎಂದೆ. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯ, ಅಂದ್ರ ಗುಬ್ಬಿಗೂ ನಾವಽ ಒಲಿ ಹಚ್ಚಿದ್ವಿ.”

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಮುರಿಯುವುದು ಒಂದೇ ಏಟಿನ ಕೆಲಸ, ಕೂಡಿಸುವುದು ಹಾಗಲ್ಲ. ಎರಡು ಅರ್ಧಗಳನ್ನು ತುದಿಗೆ ತುದಿ ಹೊಸೆದು, ಬಿಗಿಯಾದ ಕೊಂಡಿ ಹಾಕಿ, ಒಂದೇ ಉದ್ದ ಎಳೆ ಮಾಡಬೇಕು. ಅವ್ವ ರೊಟ್ಟಿ ಮನೆಯ ಹೆಂಗಸರನ್ನು ಕಟ್ಟಿಕೊಂಡು ಓಣಿ ಓಣಿ ತಿರುಗಿದಳು, ನಾನು ಮೀಟರು ಹಿಡಿದು ಅವಳ ಹಿಂದೆ. ಕಾಯಿಲ್ ಕೂಡಿಸಿದ ಮೇಲೆ ನಾನು ಅಳೆಯುವುದು, ಅರವತ್ತು ಬಂದರೆ ಅವ್ವ ಒಲೆಗೆ ಕುಂಕುಮ ಹಚ್ಚುವುದು. ಕೆಲವು ಮುದುಕಿಯರು ಬಿಲ್‌ಕುಲ್ ಒಪ್ಪಲಿಲ್ಲ. ನನ್ನ ಅತ್ತೆ ಮುರಿದುಕೊಟ್ಟ ಕಾಯಿಲ್, ಅದನ್ನು ಕೂಡಿಸಿದರೆ ಮನೆ ಒಡೆಯುತ್ತದೆ ಅಂದರು. ಮನೆ ಒಡೆಯುವುದಿಲ್ಲ, ಕೂಡಿಸದಿದ್ದರೆ ಮನೆ ಸುಡುತ್ತದೆ ಎಂದು ಅವ್ವ ಗದರಿಸಿದಳು. ನನ್ನ ಹತ್ತು ಲೆಕ್ಕಕ್ಕಿಂತ ಅವಳ ಒಂದು ಗದರಿಕೆ ಬೇಗ ಕೆಲಸ ಮಾಡಿತು. ನೀರೆತ್ತುವ ಮೋಟಾರುಗಳದೂ ಇದೇ ಕಥೆ, ಅವನ್ನೂ ಕಡಿಮೆ ವೋಲ್ಟಿಗೆಂದೇ ಸುತ್ತಿಸಿದ್ದರು. ಕಂಪನಿಯವರು ಬಂದು ಬದಲಿಸಿ ಸುತ್ತಿಕೊಟ್ಟರು.

ಎರಡನೆಯ ಸಲ ಪೆಂಡಾಲಿಲ್ಲ, ಶಾಸಕರಿಲ್ಲ. ಕಟ್ಟಿ ಸರ್ ಸ್ಟೇಷನ್ನಿನಲ್ಲಿ ಚಕ್ರ ಹಿಡಿದರು. ಮುಚಖಂಡಿ ಸಾಹೇಬರು ಚಪ್ಪಲಿ ಬಿಟ್ಟು, ನಮ್ಮ ಅಡುಗೆಮನೆಯ ಚಾಪೆಯ ಮೇಲೆ ಕೂತರು. ನಾನು ಫೋನಿನಲ್ಲಿ ಒಂದೊಂದೇ ಮೆಟ್ಟಿಲು ಹೇಳುತ್ತ ಹೋದೆ. ಅರವತ್ತು, ಒಂದು ಆಂಪಿಯರ್. ನೂರಾ ಇಪ್ಪತ್ತು, ಎರಡು. ಹೊರಗೆ ಅಂಗಳದಲ್ಲಿ ಓಣಿಯ ಮಂದಿಯೆಲ್ಲ ಬಾಗಿಲ ಕಡೆ ಕತ್ತು ಚಾಚಿ ನಿಂತಿದ್ದರು. ನೂರಾ ಎಂಬತ್ತು, ಮೂರು. ಎರಡು ನೂರು. ಎರಡು ನೂರಾ ಇಪ್ಪತ್ತು. ಎರಡು ನೂರಾ ನಲವತ್ತು, ನಾಲ್ಕು ಆಂಪಿಯರ್, ಒಂಬೈನೂರಾ ಅರವತ್ತು ವ್ಯಾಟ್! ಕಾಯಿಲ್ ಹದವಾಗಿ ಕೆಂಪಾಯಿತು, ಒಂಚೂರೂ ಹೆಚ್ಚಿಲ್ಲ. ಅವ್ವ ರೊಟ್ಟಿ ಹಾಕಿದಳು. ಅದು ನಡುವಿನಿಂದ ಮೆಲ್ಲಗೆ ಎದ್ದು, ಅಂಚಿನವರೆಗೆ ಪೂರಿಯ ಹಾಗೆ ಉಬ್ಬಿತು. ಅಂಗಳದಿಂದ ಎದ್ದ ಕೇಕೆಗೆ ಎತ್ತುಗಳು ಬೆದರಿದವು. ಮೊದಲ ರೊಟ್ಟಿಯನ್ನು ಸಾಹೇಬರೇ ತಿಂದರು, ಎಣ್ಣೆಗಾಯಿ ಬಡಿಸಲಿಕ್ಕೂ ಬಿಡಲಿಲ್ಲ.

ಆ ವರ್ಷ ಚಳಿಗೆ ಹಕ್ಕಿಗಳು ಬಂದು ಹೊಸ ತಂತಿಯ ಮೇಲೆ ಕೂತು ನೋಡಿದವು, ತಣ್ಣಗಿದ್ದದ್ದಕ್ಕೆ ಎದ್ದು ಹೋದವು. ಈಗ ನಮ್ಮ ರೊಟ್ಟಿ ಮನೆಯ ಬೆಳಕಿಂಡಿಯ ಸುತ್ತ ಕೂರುತ್ತವೆ. ಅವ್ವ ಬೈಯುತ್ತಾಳೆ, ಬೈಯುತ್ತಲೇ ಕಾಳು ಹಾಕುತ್ತಾಳೆ.

ಇದೆಲ್ಲದರ ನಡುವೆ ಗದಿಗೆಪ್ಪನ ಮದುವೆ ಮುಂದೆ ಹೋಗಿತ್ತು. ಊರಿಗೆಲ್ಲ ಪೂರ್ತಿ ವೋಲ್ಟು ಬಂದ ಮೇಲೆಯೇ ಆಯಿತು. ಸೊಸೆ ಸುಮಂಗಲಾ ತವರಿನಿಂದ ಒಲೆ ಹೊತ್ತು ತಂದು ಹೊಸ್ತಿಲ ಹೊರಗೆ ನಿಂತಳು. ಅವ್ವ ಕೂತು, ಕಾಯಿಲ್ ಹೊರತೆಗೆದು, ಎರಡೂ ತುದಿ ಹಿಡಿದು ಎತ್ತಿದಳು. ಎಷ್ಟೋ ಸಲ ಮಾಡಿದ ಕೈ, ಬೆರಳುಗಳು ತಾವಾಗಿಯೇ ನಡುವಿಗೆ ಬಂದು ನಿಂತವು. ಹೆಂಗಸರೆಲ್ಲ ಮುಂದೆ ಬಾಗಿ ನೋಡಿದರು. ಪೂರ್ತಿ ಕರೆಂಟು ಬರುವ ಮನೆಯಲ್ಲಿ ಆ ಕಾಯಿಲ್ ಮುರಿದರೆ ಏನಾಗುತ್ತದೆಂದು ಈಗ ಊರಿಗೆಲ್ಲ ಗೊತ್ತಿತ್ತು.

ಅವ್ವ ನನ್ನ ಕಡೆ ನೋಡಿದಳು.

“ಮುರೀಲೇನ?” ಅಂದಳು, ಕಣ್ಣಲ್ಲಿ ನಗು.

ಆಮೇಲೆ ಕಾಯಿಲನ್ನು ಹಾಗೆಯೇ ಇಡಿಯಾಗಿ ಬಿಲ್ಲೆಯ ತೋಡಿನೊಳಗೆ ಕೂರಿಸಿದಳು. ನಡುವೆ ಕೊಂಡಿಯಿಲ್ಲ, ಗಂಟಿಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆ. ಎರೆಗಟ್ಟಿಯಲ್ಲಿ ಅಂಥ ಒಲೆ ಅದೇ ಮೊದಲನೆಯದು. ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಎತ್ತಿ ಸೊಸೆಗೆ ಕೊಟ್ಟಳು.

“ತಗೋ ತಂಗಿ. ನಿಂದು ಪೂರ್ತಿ ಐತಿ.”

ಸುಮಂಗಲಾ ಒಲೆಯನ್ನು ಎದೆಗೆ ಅವಚಿಕೊಂಡು, ಬಲಗಾಲಿಟ್ಟು ಒಳಗೆ ಬಂದಳು.